ಗಡ್ಡದವನ ರೇಜರ್

ಗಡ್ಡ ಬಿಟ್ಟುಕೊಂಡಿದ್ದ ಗಂಡಸು ಸತ್ತಮೇಲೆ ಅವನ ಸಾಮಾನಿನಲ್ಲಿ ಒಂದು ರೇಜರ್ ಸಿಕ್ಕಿದರೆ ಅವನ ಹೆಂಡತಿ ಏನೆಂದು ತಿಳಿದುಕೊಳ್ಳಬೇಕು? ನಿನ್ನೆ ಮೊನ್ನೆಯ ಗಡ್ಡವಲ್ಲ, ಇಪ್ಪತ್ತಾರು ವರ್ಷದ್ದು. ಹೋಗಲಿ, ರೇಜರಾದರೂ ಎಲ್ಲರ ಮನೆಯ ಕನ್ನಡಿ ಹಿಂದೆ ಬಿದ್ದಿರುವಂಥದ್ದೇ ಎಂದರೆ ಅದೂ ಅಲ್ಲ.

ಕಾರ್ಖಾನೆಯ ಗುಮಾಸ್ತ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಬಾಗಿಲಲ್ಲೇ ಕೊಟ್ಟು, ಎರಡು ಕಡೆ ಸಹಿ ಹಾಕಿಸಿಕೊಂಡು, ಕೂತ್ಕೊಳ್ಳಿ ಎಂದರೂ ಕೂರದೆ ಹೋದ. ಲಾಕರಿನಲ್ಲಿದ್ದದ್ದು ಇಷ್ಟೇ ಎಂದ. ಅರ್ಧ ಸವೆದ ಸೋಪು, ಎರಡು ಟವಲು, ಕಡ್ಡಿ ಮುರಿದು ದಾರ ಸುತ್ತಿದ ಕನ್ನಡಕ, ಖಾಲಿ ಊಟದ ಡಬ್ಬಿ. ತಳದಲ್ಲಿ ಹಳೇ ಬನಿಯನ್ ಸುತ್ತಿದ ಭಾರದ ವಸ್ತುವೊಂದು. ಬಿಚ್ಚಿದರೆ ರೇಜರ್. ಗೇಣಿಗಿಂತ ನಾಲ್ಕು ಬೆರಳು ಉದ್ದ. ಹಿಡಿ ಹಿತ್ತಾಳೆಯದು, ಲಟ್ಟಣಿಗೆಯಷ್ಟು ದಪ್ಪ. ಅದರ ತುದಿಗೆ ಮಾಮೂಲಿ ಬ್ಲೇಡು ಹಿಡಿಯುವ, ಹಳೇ ಕಾಲದ ಪುಟ್ಟ ತಲೆ. ತಲೆಯ ಕೆಳಗೆ ಒಂದರಿಂದ ಒಂಬತ್ತರವರೆಗೆ ಅಂಕಿ ಕೊರೆದ ಬಳೆ. ತಿರುಗಿಸಿದರೆ ಟಿಕ್ ಟಿಕ್ ಎಂದು ಬ್ಲೇಡು ಕೂದಲೆಳೆಯಷ್ಟು ಏಳುತ್ತದೆ, ಕೂದಲೆಳೆಯಷ್ಟು ಇಳಿಯುತ್ತದೆ. ಹಿಡಿಯ ಒಂದು ಪಕ್ಕಕ್ಕೆ ಹೆಬ್ಬೆರಳು ತೂರುವಂಥ ಉಂಗುರ ಬೆಸೆದಿದೆ. ಇನ್ನೊಂದು ಪಕ್ಕವನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿದೆ. ಬುಡದಿಂದ ಕೊರೆದು ಒಳಗೆಲ್ಲ ಟೊಳ್ಳು ಮಾಡಿದೆ. ತಿರುಗಿಸಿ ಮುರುಗಿಸಿ ನೋಡಿದರೂ ಎಲ್ಲೂ ಕಂಪನಿಯ ಹೆಸರಿಲ್ಲ.

ಅವಳು ಅದನ್ನು ಊಟದ ಮೇಜಿನ ಮೇಲಿಟ್ಟು ಎದುರಿಗೆ ಕೂತಳು. ಅವನು ಸತ್ತು ಆಗ ಎರಡು ತಿಂಗಳಾಗಿತ್ತು. ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಐವತ್ತೇಳು ವರ್ಷ. ನಿವೃತ್ತಿಗೆ ಒಂದು ವರ್ಷ ಬಾಕಿ.

ಅವನ ಬಗ್ಗೆ ಹೇಳಬೇಕೆಂದರೆ ಹೇಳುವುದಕ್ಕೆ ಹೆಚ್ಚೇನಿಲ್ಲ, ಅದೇ ತೊಂದರೆ. ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಲೋಹ ಕಡೆಯುವ ಲೇತಿನ ಮುಂದೆ ನಿಂತವನು. ಕೆಲಸದಲ್ಲಿ ಎತ್ತಿದ ಕೈ, ಮಾತಿನಲ್ಲಿ ಮೂಗ. ಅಲ್ಲಿ ಅವನನ್ನು ಗಡ್ಡದ ಟರ್ನರ್ ಎನ್ನುತ್ತಿದ್ದರು. ಮನೆಯಲ್ಲಿ ಅವಳು ಇಟ್ಟ ಹೆಸರು ಗುಮ್ಮನಗುಸಕ. ಮೊದಮೊದಲು ಪ್ರೀತಿಯಿಂದ, ಆಮೇಲಾಮೇಲೆ ಹಲ್ಲು ಕಚ್ಚಿ. ಹೆಣ್ಣು ನೋಡಲು ಬಂದ ದಿನ ಹುಡುಗಿಯನ್ನು ಬಿಟ್ಟು ಬಾಗಿಲಿನ ತಿರುಗಣಿಯನ್ನೇ ನೋಡುತ್ತಿದ್ದನಂತೆ. ಹೋಗುವಾಗ ಅವಳ ಅಣ್ಣನನ್ನು ಪಕ್ಕಕ್ಕೆ ಕರೆದು, "ಒಂದು ಸ್ಕ್ರೂ ಸಡಿಲ ಇದೆ, ಬಿಗಿ ಮಾಡ್ಲಾ?" ಎಂದು ಕೇಳಿದ್ದನಂತೆ. ಯಾರ ಸ್ಕ್ರೂ ಎಂದು ಅಣ್ಣ ಈಗಲೂ ಹೇಳಿಕೊಂಡು ನಗುತ್ತಾನೆ. ಊಟಕ್ಕೆ ಕೂತರೆ ಮೊದಲು ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡುವವನು. ಯಾವ ವಸ್ತು ಕೆಟ್ಟರೂ ತಪ್ಪು ವಸ್ತುವಿನದೇ, ಬಳಸುವವರದ್ದಲ್ಲ ಎಂದು ನಂಬಿದವನು. ಅವಳು ಬಾಣಲೆ ಸೀಯಿಸಿದರೂ ತಳ ಸಮ ಇಲ್ಲ ಎಂದು ಬಾಣಲೆಯನ್ನೇ ತಟ್ಟಲು ಕೂರುತ್ತಿದ್ದ. ಅಂಥವನ ಜೊತೆ ಜಗಳ ಆಡುವುದಾದರೂ ಹೇಗೆ?

ಮದುವೆಯಾದ ಹೊಸತರಲ್ಲಿ ದಿನಾ ಬೆಳಿಗ್ಗೆ ಕೆನ್ನೆ ನುಣ್ಣಗೆ ಹೆರೆದುಕೊಳ್ಳುತ್ತಿದ್ದ. ಮಗಳಿಗೆ ಎರಡು ವರ್ಷವಾಗಿದ್ದಾಗ ಒಂದು ಸಂಜೆ ಬಂದವನು ಊಟ ಬೇಡವೆಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಮಾರನೆಯ ದಿನದಿಂದ ಮುಖಕ್ಕೆ ಬ್ಲೇಡು ಮುಟ್ಟಿಸಲಿಲ್ಲ. ಸೋಮಾರಿತನ ಎಂದುಕೊಂಡಳು, ಶೋಕಿ ಎಂದುಕೊಂಡಳು, ಚರ್ಮಕ್ಕೆ ಏನಾದರೂ ಆಗಿದೆಯೇ ಎಂದು ಕೇಳಿದಳು. "ಇರ್ಲಿ ಬಿಡು" ಎಂದ. ಅದೇ ಸುಮಾರಿಗೆ ಶುರುವಾದದ್ದು ಭಾನುವಾರದ ತಿರುಗಾಟ. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ, ಎಂಟಕ್ಕೆ ಹೊರಟರೆ ಮಧ್ಯಾಹ್ನ ಒಂದಕ್ಕೆ ಬರುವುದು. ಹೆಗಲಿಗೆ ಖಾಕಿ ಚೀಲ. ಎಲ್ಲಿಗೆ ಎಂದರೆ, "ಒಂದು ಕೆಲಸ ಇದೆ." ಏನು ಕೆಲಸ ಎಂದರೆ, "ಮುಗೀಬೇಕು ಇನ್ನೂ."

ಬರುವಾಗ ಅವನ ಕೈಯಲ್ಲಿ ಶೇವಿಂಗ್ ಸೋಪಿನ ವಾಸನೆ ಇರುತ್ತಿತ್ತು.

ಅಷ್ಟು ಸಾಕಲ್ಲವೇ? ಯಾವ ಹೆಂಗಸಿಗೆ ಸಾಲದು? ಗಡ್ಡ ಬಿಟ್ಟ ಗಂಡಸು ಹೊರಗೆ ಐದು ಗಂಟೆ ಇದ್ದು ಸೋಪಿನ ವಾಸನೆ ಹೊತ್ತು ಬಂದರೆ ಎಲ್ಲೋ ಒಂದು ಬಚ್ಚಲುಮನೆ ಇದೆ, ಆ ಬಚ್ಚಲಿಗೊಬ್ಬಳು ಒಡತಿ ಇದ್ದಾಳೆ ಎಂದಾಯಿತು. ಹಿಂದೆಯೇ ಹೋಗಿ ನೋಡಬಹುದಿತ್ತು. ಹಿಂಬಾಲಿಸುವುದು ಅವಳ ಜಾಯಮಾನವಲ್ಲ. ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಹಾಳೆ ಮಡಚಿ, ಸೂಜಿ ದಾರದಲ್ಲಿ ಹೊಲಿಯುವ ಕೆಲಸ ಅವಳದು. ಬೆನ್ನು ಬಗ್ಗಿಸಿ ದುಡಿಯುವವಳಿಗೆ ತಲೆ ಎತ್ತಿ ನಡೆಯುವ ಹಟ ಹೆಚ್ಚು. ಒಳಗೊಳಗೇ ಬೆಂದಳು.

ಮಗಳ ಮದುವೆಗೆ ಹತ್ತು ದಿನ ಇದ್ದಾಗ ಮಾತ್ರ ಕಟ್ಟೆ ಒಡೆಯಿತು. ಗಡ್ಡ ತೆಗೆಯಿರಿ ಎಂದು ಬೇಡಿಕೊಂಡಳು, ಮಗಳಿಂದ ಹೇಳಿಸಿದಳು. ಅವನು, "ಅದೊಂದು ಆಗಲ್ಲ. ಬೇರೆ ಏನು ಬೇಕಾದ್ರೂ ಕೇಳು" ಎಂದ.

"ಬೇರೆ ಏನೂ ಬೇಡ ನಂಗೆ. ಆ ಮನೆಯವಳಿಗೆ ಗಡ್ಡನೇ ಇಷ್ಟ ಅಂತ ಒಂದು ಮಾತು ಹೇಳಿಬಿಡಿ, ಸುಮ್ಮನಾಗ್ತೀನಿ."

ಅವನು ಅವಳನ್ನು ತುಂಬಾ ಹೊತ್ತು ನೋಡಿದ. ತಟ್ಟೆ ಸರಿಸಿ ಎದ್ದುಹೋದ. ಅಲ್ಲಿಂದ ಮುಂದಿನ ಆರು ವರ್ಷ ಆ ಮನೆಯಲ್ಲಿ ನೀರು ಬಂತಾ, ಗ್ಯಾಸ್ ಬಂತಾ ಎಂಬಷ್ಟಕ್ಕೆ ಮಾತು ನಿಂತಿತು. ಅದೇ ಸ್ಥಿತಿಯಲ್ಲಿ ಅವನು ಸತ್ತ.

ಈಗ ಈ ರೇಜರ್. ಅವಳ ಲೆಕ್ಕ ನೇರವಾಗಿತ್ತು. ಆ ಮನೆಯಲ್ಲಿ ಗಂಡುಮಗ ಹುಟ್ಟಿದ್ದಾನೆ, ಬೆಳೆದಿದ್ದಾನೆ, ಮೀಸೆ ಬಂದಿದೆ. ಅಪ್ಪ ತನ್ನ ಕೈಯಾರೆ ಅವನಿಗೆ ಇದನ್ನು ಮಾಡಿದ್ದಾನೆ ಅಥವಾ ಎಲ್ಲಿಂದಲೋ ತಂದಿದ್ದಾನೆ. ಸಾಯುವ ತನಕ ಕೇಳದೆ ಉಳಿದ ಪ್ರಶ್ನೆಗೆ ಉತ್ತರ ಈ ಹಿತ್ತಾಳೆಯೊಳಗೆ ಇದೆ ಎನ್ನಿಸಿತು ಅವಳಿಗೆ. ಅಂದು ತಾನು ಅಂದ ಮಾತು ನಿಜವಾಗಿದ್ದರೆ ತಾನು ಮೋಸಹೋದವಳು, ಅತ್ತು ಸುಮ್ಮನಾಗಬಹುದು. ಸುಳ್ಳಾಗಿದ್ದರೆ ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಎರಡರಲ್ಲಿ ಯಾವುದೆಂದು ತಿಳಿಯದೆ ಬದುಕುವುದು ಮಾತ್ರ ಆಗದ ಮಾತು.

ಮೊದಲು ಹೋದದ್ದು ಬೀದಿ ಕೊನೆಯ ಕ್ಷೌರದಂಗಡಿಗೆ. ಅಂಗಡಿಯವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಿಯ ಮುಂದೆ ಗದೆಯ ಹಾಗೆ ಹೆಗಲ ಮೇಲಿಟ್ಟುಕೊಂಡು ನೋಡಿದ. "ಅಕ್ಕಾ, ಇದು ಮನುಷ್ಯರ ಗಡ್ಡಕ್ಕಲ್ಲ. ಕುದುರೆಗೆ ಇರ್ಬೇಕು" ಎಂದ. ಕುರ್ಚಿಯಲ್ಲಿ ನೊರೆ ಬಳಿದುಕೊಂಡು ಕೂತಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲವೆಂದು ಅವನಿಗೇ ನಾಚಿಕೆಯಾಗಿ, ಈ ಥರ ಬಳೆ ತಿರುಗಿಸಿ ಬ್ಲೇಡು ಏರಿಸಿ ಇಳಿಸುವ ರೇಜರ್ ತನ್ನ ತಾತನ ಕಾಲದಲ್ಲಿ ಬರುತ್ತಿತ್ತು, ಆದರೆ ಅದು ಬೆರಳಷ್ಟು ಉದ್ದ ಮಾತ್ರ ಎಂದು ಹೇಳಿ ಕಳಿಸಿದ.

ಆಮೇಲೆ ಹಳೇ ಸಾಮಾನಿನ ವ್ಯಾಪಾರಿ. ಗಡಿಯಾರ, ಗ್ರಾಮೋಫೋನು, ಒಡೆದ ದೀಪಗಳ ನಡುವೆ ಕೂತ ಆ ಮಹಾನುಭಾವ ಭೂತಗನ್ನಡಿ ಹಿಡಿದು ಅರ್ಧ ಗಂಟೆ ಕಥೆ ಕಟ್ಟಿದ. ಅಂಗಡಿಯ ಗಾಜಿನ ಕಪಾಟಿನಲ್ಲಿ ಗಿರಾಕಿಗಳನ್ನು ಸೆಳೆಯಲು ಕಂಪನಿಗಳು ಹೀಗೆ ದೊಡ್ಡ ಮಾದರಿ ಮಾಡಿಸುತ್ತಿದ್ದವಂತೆ. ನೂರು ವರ್ಷಕ್ಕೆ ಕಡಿಮೆಯಿಲ್ಲವಂತೆ. ಕಂಪನಿ ಹಡಗಿನ ಜೊತೆ ಮುಳುಗಿಹೋಗಿರಬೇಕಂತೆ. ಹಾಗಾದರೆ ಈ ಉಂಗುರ ಯಾಕೆ ಎಂದು ಕೇಳಿದಳು. "ನೇತು ಹಾಕೋಕೆ" ಎಂದ. ಚಪ್ಪಟೆ ಯಾಕೆ? "ಅಂದಕ್ಕೆ." ಬಾಯಿಗೆ ಬಂದದ್ದು ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಇಲ್ಲೇ ಬಿಟ್ಟುಹೋಗಿ, ಒಳ್ಳೇ ಬೆಲೆ ಕೊಡ್ತೀನಿ ಎಂದವನ ಕೈಯಿಂದ ಕಿತ್ತುಕೊಂಡೇ ಬಂದಳು.

ಬೈಂಡಿಂಗ್ ಅಂಗಡಿಯಲ್ಲಿ ಊಟದ ಬಿಡುವಿನಲ್ಲಿ ಒಂದು ದಿನ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಅವಳ ಕಣ್ಣಿಗೇ ಒಂದು ವಿಷಯ ಬಿತ್ತು. ಒಮ್ಮೆ ಹೊಲಿದ ಪುಸ್ತಕವನ್ನು ಬಿಚ್ಚಿ ಮತ್ತೆ ಹೊಲಿದರೆ ಹಳೆಯ ಸೂಜಿಯ ತೂತುಗಳು ಹಾಳೆಯಲ್ಲಿ ಉಳಿದುಬಿಡುತ್ತವೆ, ಎಷ್ಟು ಅಂಟು ಬಳಿದರೂ ಹೋಗುವುದಿಲ್ಲ. ಇದರ ಮೈಮೇಲೂ ಹಾಗೇ ಮುಚ್ಚಿದ ತೂತುಗಳಿದ್ದವು. ಉಂಗುರ ಈಗಿರುವ ಜಾಗಕ್ಕೆ ಬರುವ ಮೊದಲು ಎರಡು ಕಡೆ ಇದ್ದು ಬಂದಿತ್ತು. ಯಾರೋ ಇದನ್ನು ಮಾಡಿ, ಬಿಚ್ಚಿ, ಮತ್ತೆ ಮಾಡಿದ್ದರು. ಕಪಾಟಿನಲ್ಲಿಡುವ ಮಾದರಿಗೆ ಇಷ್ಟು ಒದ್ದಾಟ ಯಾರು ಮಾಡುತ್ತಾರೆ?

ಮಗಳು ಫೋನಿನಲ್ಲಿ, "ಅಪ್ಪ ಹೋದ್ರು. ಇನ್ನೂ ಅವರ ಬೆನ್ನು ಬಿಡಲ್ವಲ್ಲಮ್ಮ ನೀನು" ಎಂದಳು. ಬಿಡುವ ಹಾಗಿದ್ದರೆ ಬಿಡುತ್ತಿರಲಿಲ್ಲವೇ? ಮುಂದಿನ ವಾರ ಅವಳು ಕಾರ್ಖಾನೆಯ ನಿವೃತ್ತ ಸ್ಟೋರ್ ಕೀಪರನ ಮನೆ ಹುಡುಕಿಕೊಂಡು ಹೋದಳು. ಅವಳ ಗಂಡ ಹೆಸರು ಹಿಡಿದು ಮಾತಾಡುತ್ತಿದ್ದದ್ದು ಅವನೊಬ್ಬನ ಬಗ್ಗೆ.

ಸ್ಟೋರ್ ಕೀಪರ್ ಮಹಡಿ ಮೇಲಿನ ಎರಡು ಕೋಣೆಯಲ್ಲಿ ಸೊಸೆಯ ಜೊತೆಗಿದ್ದ. ಎಪ್ಪತ್ತು ದಾಟಿದೆ, ಕಣ್ಣು ಮಂಜು. ರೇಜರನ್ನು ಕೈಗಿಟ್ಟ ಕೂಡಲೇ ಮುದುಕ ನೆಟ್ಟಗೆ ಕೂತ. ಬೆರಳಿನಿಂದಲೇ ಸವರಿ ಸವರಿ ನೋಡಿದ.

"ಹೊರಗಿನದ್ದಲ್ಲ ತಾಯಿ. ನಮ್ಮಲ್ಲೇ ಆದದ್ದು. ಕಳ್ಳಕೆಲಸ."

ಅವಳು ಅದನ್ನು ಹಿಂದಕ್ಕೆ ಎಳೆದುಕೊಳ್ಳಲು ಹೋದಳು. ಮುದುಕ ನಕ್ಕು ಬಿಡಿಸಿ ಹೇಳಿದ. ಟೂಲ್ ರೂಮಿನಲ್ಲಿ ಎಲ್ಲರೂ ಕಂಪನಿಯ ಲೇತಿನಲ್ಲಿ ಕಂಪನಿಯ ಹೊತ್ತಿನಲ್ಲಿ ಸ್ವಂತಕ್ಕೆ ಒಂದೊಂದು ಮಾಡಿಕೊಳ್ಳುವುದು ಹಿಂದಿನಿಂದ ಬಂದದ್ದು: ಬಾಗಿಲ ಚಿಲಕ, ಮಕ್ಕಳ ಸೈಕಲ್ಲಿನ ಗಂಟೆ. ಸ್ಟೋರಿನಿಂದ ತುಂಡು ಲೋಹ ಕೊಡುವವನು ಇವನೇ. ಊಟದ ಡಬ್ಬಿಯಲ್ಲಿ ಗೇಟು ದಾಟಬೇಕು. ಅದಕ್ಕೆ ಎರಡೇ ಕಟ್ಟಳೆ. ಮಾಡಿದವನು ಹೆಸರು ಕೊರೆಯಬಾರದು, ಸಿಕ್ಕಿಬಿದ್ದರೆ ಯಾರ ತಲೆಗೂ ಬರಬಾರದಲ್ಲ. ಮಿಕ್ಕವರು ಯಾರಿಗೆ ಎಂದು ಕೇಳಬಾರದು.

"ಈ ತಲೆ ಇದ್ಯಲ್ಲ, ಇದು ನಮ್ಮ ಮಾವನವರ ಹಳೇ ರೇಜರ್‌ದು. ನಾನೇ ಕೊಟ್ಟದ್ದು. ಬ್ಲೇಡು ಕಚ್ಚುತ್ತೆ, ಏರಿಸಿ ಇಳಿಸೋ ಥರದ್ದು ಬೇಕು ಅಂತ ಬಂದಿದ್ರು. ಹಿಡಿ ಅದಕ್ಕೂ ಮುಂಚಿನದು. ಉಂಗುರ ನೋಡಿ, ಇದರ ಬಣ್ಣ ಬೇರೆ, ಆರೇಳು ವರ್ಷ ಆದ್ಮೇಲೆ ಬಂದ ಹಿತ್ತಾಳೆ. ಟೊಳ್ಳು ಮಾಡಿದ್ದು ನಾನು ರಿಟೈರ್ ಆದ ವರ್ಷ. ಒಂದು ಸಲಕ್ಕೆ ಆದ ಕೆಲಸ ಅಲ್ಲ ತಾಯಿ ಇದು. ಯಾರಿಗೋ ಇದು ಸರಿಹೋಗ್ತಾನೇ ಇರ್ಲಿಲ್ಲ. ನಿಮ್ಮ ಯಜಮಾನ್ರು ತಿದ್ದುತ್ತಾನೇ ಇದ್ರು."

"ಯಾರಿಗೆ?"

"ಕೇಳಬಾರ್ದು ಅಂದ್ನಲ್ಲ" ಎಂದ ಮುದುಕ. ರೇಜರಿನ ಉಂಗುರವನ್ನು ಇನ್ನೊಮ್ಮೆ ಸವರಿದ. "ಕೇಳದೇನೂ ಗೊತ್ತಾಗುತ್ತೆ ಕೆಲವು. ತಗಡು ಒತ್ತೋ ಪ್ರೆಸ್ ಶಾಪಲ್ಲಿ ಒಬ್ಬ ಹುಡುಗನ ಕೈ ಹೋಯ್ತು, ಇಪ್ಪತ್ತಾರು ವರ್ಷದ ಹಿಂದೆ. ನೀವೂ ಕೇಳಿರ್ತೀರಿ."

ಕೇಳಿದ್ದಳು. ಆಗ ಅದು ಬೀದಿಯಲ್ಲೆಲ್ಲ ಸುದ್ದಿ. ಯಾರೋ ಪಾಪ ಎಂದು ಮರೆತಿದ್ದಳು.

"ಅವತ್ತು ಆ ಪ್ರೆಸ್ಸಿಗೆ ಹೊಸ ಅಚ್ಚು ಕೂರಿಸಿದ್ದು ನಿಮ್ಮ ಯಜಮಾನ್ರು. ಕೈ ಒಳಗೆ ಹೋಗದ ಹಾಗೆ ತಡೆಯೋ ಗಾರ್ಡಿನ ಎರಡು ಬೋಲ್ಟ್ ಬಾಕಿ ಇತ್ತು. ಊಟದ ಗಂಟೆ ಹೊಡೀತು, ಬಂದು ಹಾಕ್ತೀನಿ ಅಂತ ಎದ್ದರು. ಹುಡುಗ ಬೇಗ ಊಟ ಮುಗಿಸಿ ಬಂದು ಸ್ವಿಚ್ ಒತ್ತಿದ. ಗಾರ್ಡು ಪಕ್ಕಕ್ಕೆ ಸರಿದುಬಿಡ್ತು. ವಿಚಾರಣೆ ಆಯ್ತು. ನಾವು ಯಾರೂ ಬಾಯಿ ಬಿಡ್ಲಿಲ್ಲ. ಅವರು ಬಾಯಿ ಬಿಡ್ತೀನಿ ಅಂತ ಹೊರಟಿದ್ರು, ಹೆಂಡ್ತಿ ಮಗು ಇದೆ ಸುಮ್ಮನಿರು ಅಂತ ಕೂರಿಸಿದವನೂ ನಾನೇ."

ಹೆಂಡ್ತಿ ಮಗು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಮನೆಯವಳು ಎಂದಿದ್ದಳಲ್ಲ ಅವತ್ತು, ಎಲ್ಲಿಂದ ಬಂತು ಆ ನಾಲಿಗೆ? ಮುದುಕನ ಸೊಸೆ ನೀರು ತಂದುಕೊಟ್ಟಳು. ಅದನ್ನು ಕುಡಿಯುವುದಕ್ಕೂ ಅವಳಿಗೆ ಆಗಲಿಲ್ಲ. ಅವನು ಒಂದೇ ಒಂದು ಸಲ, "ಇಂಥ ಕಡೆ ಹೋಗ್ತೀನಿ ಕಣೆ" ಎಂದಿದ್ದರೆ ಆಗುತ್ತಿರಲಿಲ್ಲವೇ ಎಂದು ಅವನ ಮೇಲೆ ಸಿಟ್ಟೂ ಬಂತು. ಆದರೆ ಅವಳು ಕೇಳಿದ ರೀತಿಯಲ್ಲಿ ಕೇಳಿದರೆ ಯಾರು ತಾನೇ ಹೇಳುತ್ತಾರೆ?

ಆ ಭಾನುವಾರವೇ ಅವಳು ಖಾಕಿ ಚೀಲದಲ್ಲಿ ರೇಜರ್ ಹಾಕಿಕೊಂಡು, ಮುದುಕ ಹೇಳಿದ ವಿಳಾಸ ಹಿಡಿದು ಹೊರಟಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಮಾತು ಜೋಡಿಸಿಕೊಂಡಳು. ಅವರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ. ಬದುಕಿದ್ದಾಗ ತಾನು ಅವನಿಗೆ ಏನೂ ಮಾಡಲಿಲ್ಲ. ಸತ್ತಮೇಲೆ ಇಷ್ಟಾದರೂ ಕೇಳಿ ತರಬೇಕು.

ಗೂಡ್ಸ್ ಯಾರ್ಡಿನ ಗೋಡೆಗೆ ಒತ್ತಿಕೊಂಡು ತಗಡಿನ ಚಾವಣಿಯ ಸೈಕಲ್ ಸ್ಟ್ಯಾಂಡು. ರಜೆಯ ದಿನವಾದ್ದರಿಂದ ನಾಲ್ಕೈದು ಸೈಕಲ್ಲುಗಳಷ್ಟೇ ಇದ್ದವು. ಹಿಂದೆ ಒಂದೇ ಕೋಣೆ. ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದವನಿಗೆ ಐವತ್ತರ ಆಸುಪಾಸು. ಮೂರು ತಿಂಗಳ ಗಡ್ಡ, ಅಡ್ಡಾದಿಡ್ಡಿ ಬೆಳೆದದ್ದು. ಬಲಗೈಯಲ್ಲಿ ಹೆಬ್ಬೆರಳೊಂದು ಬಿಟ್ಟು ಬೇರೆ ಬೆರಳಿಲ್ಲ. ಎಡಗೈಯಲ್ಲಿ ಉಳಿದದ್ದು ಕಿರುಬೆರಳು, ಉಂಗುರದ ಬೆರಳು ಎರಡೇ. ಖಾಕಿ ಚೀಲ ನೋಡಿದ್ದೇ ಅವನು ಎದ್ದು ನಿಂತ.

"ಅಣ್ಣ ಎಲ್ಲಿ? ಅವನು ಬರೋ ಭಾನುವಾರ ಆರು ತಪ್ಪಿದ್ವು. ನನ್ನ ಮೇಲೆ ಕೋಪನಾ ಅವನಿಗೆ?"

ಯಾರೂ ಅವನಿಗೆ ಹೇಳಿರಲಿಲ್ಲ. ಅವಳೇ ಹೇಳಬೇಕಾಯಿತು. ಹೇಳಿದಳು. ಅವನು ಮತ್ತೆ ಸ್ಟೂಲಿನ ಮೇಲೆ ಕೂತ, ಹೆಬ್ಬೆರಳಿನ ಬುಡವನ್ನು ಮೊಣಕಾಲಿಗೆ ಉಜ್ಜುತ್ತಾ ನೆಲ ನೋಡಿದ. ಆಮೇಲೆ ಬಾಗಿಲು ಪೂರ್ತಿ ಸರಿಸಿ, "ಒಳಗೆ ಬನ್ನಿ ಅತ್ತಿಗೆ" ಎಂದ.

ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟವ್, ನಲ್ಲಿಯ ಪಕ್ಕ ಸೊಂಟದೆತ್ತರಕ್ಕೆ ಕನ್ನಡಿ. ಗಂಡನೇ ಕೂತವನ ಎತ್ತರ ಅಳೆದು ಮೊಳೆ ಹೊಡೆದಿರಬೇಕು. ಅಕ್ಕನ ಜೊತೆ ಇಲ್ಲಿದ್ದೆ, ಅಕ್ಕ ಹೋಗಿ ಹದಿನೆಂಟು ವರ್ಷವಾಯಿತು, ಆಮೇಲೆ ಈ ಹೊಸಿಲು ದಾಟಿ ಒಳಗೆ ಬರುತ್ತಿದ್ದವನು ಅಣ್ಣ ಒಬ್ಬನೇ ಎಂದು ಅವನು ತಡೆದು ತಡೆದು ಹೇಳಿದ. ಮೊದಲ ಸಲ ಅಣ್ಣ ಬಂದಾಗ ಅವನು ಕಾಲಿಂದ ಬಾಗಿಲು ಒದ್ದು ಮುಚ್ಚಿದ್ದ. ಆಸ್ಪತ್ರೆಯಿಂದ ಬಂದ ಹೊಸತು. ಊಟ ಅಕ್ಕ ಮಾಡಿಸುತ್ತಿದ್ದಳು, ಗಡ್ಡವನ್ನೂ ಅಕ್ಕನೇ ಹೆರೆಯುತ್ತಿದ್ದಳು. ಅದೊಂದು ಅವನಿಗೆ ಸಹಿಸಲು ಆಗುತ್ತಿರಲಿಲ್ಲ. ಬಾಗಿಲಾಚೆಯಿಂದ ಅಣ್ಣ ಹೇಳಿದ್ದನಂತೆ: ನಿನ್ನ ಗಡ್ಡ ನೀನೇ ತೆಗೆಯೋ ಹಾಗೆ ಮಾಡ್ತೀನಿ, ಅಲ್ಲೀತನಕ ನಾನೂ ತೆಗೆಯಲ್ಲ.

ಅವಳು ಕಣ್ಣು ಮುಚ್ಚಿಕೊಂಡಳು. ಮಗಳ ಮದುವೆಯ ಫೋಟೋಗಳಲ್ಲಿ ಅವನು ಗಡ್ಡ ಹೊತ್ತು ತಲೆ ತಗ್ಗಿಸಿ ನಿಂತದ್ದು ನೆನಪಾಯಿತು.

"ಪ್ರತಿ ಸಲ ತಿದ್ದಿ ತರ್ತಿದ್ದ. ನಾನು ಹಿಡಿದು ನೋಡ್ತಿದ್ದೆ. ಆಗಲ್ಲ ಅಂತಿದ್ದೆ. ಸರಿ ಅಂತ ಅವನೇ ಸೋಪು ಹಚ್ಚಿ ನನಗೆ ಶೇವ್ ಮಾಡಿ, ಇದನ್ನ ತಗೊಂಡು ಹೋಗ್ತಿದ್ದ."

ಸೋಪಿನ ವಾಸನೆ ಅದು. ಅವಳಿಗೆ ಇನ್ನು ತಡೆಯಲಾಗಲಿಲ್ಲ. ಅತ್ತಳು, ಮೂಗು ಒರೆಸಿಕೊಂಡಳು, ಚೀಲದಿಂದ ರೇಜರ್ ತೆಗೆದು ಮಂಚದ ಮೇಲಿಟ್ಟಳು.

"ಅವರ ಕೈಯಲ್ಲಿ ಇದು ಮುಗೀಲಿಲ್ಲ. ಇನ್ನೂ ಏನು ಸರಿಯಿಲ್ಲ ಹೇಳಿ. ಟೂಲ್ ರೂಮಿನಲ್ಲಿ ಅವರ ಜೊತೆಯವರಿದ್ದಾರೆ, ಕಾಲು ಹಿಡಿದಾದ್ರೂ ಮಾಡಿಸ್ತೀನಿ. ಆಮೇಲೆ ಅವರ ತಪ್ಪನ್ನ ಹೊಟ್ಟೆಗೆ ಹಾಕ್ಕೊಂಡೆ ಅಂತ ನೀವು ಒಂದು ಮಾತು ಹೇಳ್ಬೇಕು. ಇವತ್ತಿಗೆ ನಾನೇ ಶೇವ್ ಮಾಡ್ತೀನಿ, ಕೂತ್ಕೊಳ್ಳಿ."

ಅವನು ಅವಳ ಮುಖ ನೋಡಲಿಲ್ಲ. "ನೀವು ಕೂತ್ಕೊಳ್ಳಿ ಅತ್ತಿಗೆ" ಎಂದ.

ಎಡಗೈಯ ಎರಡು ಬೆರಳಲ್ಲಿ ಕತ್ತರಿ ಸಿಕ್ಕಿಸಿ ಗಡ್ಡದ ಉದ್ದವನ್ನು ಮೊದಲು ಕತ್ತರಿಸಿದ. ನಲ್ಲಿ ಬಿಟ್ಟು ಮುಖ ತೊಳೆದ. ಬ್ರಷ್ಷನ್ನು ಎರಡು ಅಂಗೈ ನಡುವೆ ಹಿಡಿದು ನೊರೆ ಎಬ್ಬಿಸಿ ಬಳಿದುಕೊಂಡ. ಆಮೇಲೆ ರೇಜರಿನ ಉಂಗುರಕ್ಕೆ ಹೆಬ್ಬೆರಳು ತೂರಿಸಿ, ಚಪ್ಪಟೆ ಪಕ್ಕವನ್ನು ಅಂಗೈಗೆ ಒತ್ತಿಕೊಂಡು, ಎಡಗೈಯ ಕಿರುಬೆರಳಿನಿಂದ ಬಳೆಯನ್ನು ಮೂರಕ್ಕೆ ತಿರುಗಿಸಿದ. ಕಿವಿಯ ಬುಡದಿಂದ ದವಡೆಯವರೆಗೆ ಒಂದೇ ಎಳೆತ. ಮತ್ತೊಂದು. ಗಲ್ಲದ ತಿರುವಿನಲ್ಲಿ ಕೈ ತಾನಾಗಿ ತಿರುಗಿತು. ಮೂಗಿನ ಕೆಳಗೆ ಬಂದಾಗ ಬಳೆ ಎರಡಕ್ಕೆ ಇಳಿಯಿತು. ಗಂಟಲ ಹತ್ತಿರ ತಲೆ ಹಿಂದಕ್ಕೆ ಚಾಚಿ ಕೆಳಗಿಂದ ಮೇಲಕ್ಕೆ ಎಳೆದ. ಎಲ್ಲೂ ತಡೆಯಲಿಲ್ಲ, ಜಾರಲಿಲ್ಲ, ಒಂದು ಹನಿ ರಕ್ತ ಬರಲಿಲ್ಲ. ಮುಖ ತೊಳೆದು ಅವಳ ಕಡೆ ತಿರುಗಿದಾಗ ಕೆನ್ನೆ ಮಗುವಿನ ಕೆನ್ನೆಯಂತೆ ನುಣ್ಣಗಿತ್ತು.

ಅವಳು ನೋಡುತ್ತಲೇ ಇದ್ದಳು. ಕೇಳುವುದಕ್ಕೆ ಅವಳಿಗೆ ಭಯವಾಯಿತು.

"ಯಾವಾಗಿಂದ?"

"ಕೈ ಹೋದ ಆರನೇ ವರ್ಷದಿಂದ" ಎಂದ ಅವನು. "ಒಂದು ಸಲ ಅಭ್ಯಾಸ ಮಾಡು ಅಂತ ಹದಿನೈದು ದಿನ ಇಲ್ಲೇ ಬಿಟ್ಟುಹೋಗಿದ್ದ. ಮಾರನೇ ದಿನವೇ ಬಂದ್ಬಿಡ್ತು ನನಗೆ. ಕನ್ನಡಿ ಮುಂದೆ ನಿಂತು ಕುಣಿದಿದ್ದೀನಿ ಅತ್ತಿಗೆ. ಅಕ್ಕನಿಗೆ ತೋರಿಸಿದೆ, ಅವಳೂ ಅತ್ತಳು. ಅಣ್ಣ ಬಂದಾಗ ತೋರಿಸ್ತೀನಿ ಅಂತಾನೇ ಇದ್ದೆ. ಆಮೇಲೆ..." ಅವನು ಒದ್ದೆ ಟವಲನ್ನು ಎದೆಗೆ ಒತ್ತಿಕೊಂಡ. "ಆಮೇಲೆ ಗಡ್ಡ ಬೆಳೆಯೋಕೆ ಬಿಟ್ಟೆ. ಬಂದಾಗ, ಜಾರುತ್ತೆ ಅಂದೆ. ಉಂಗುರ ಹಾಕ್ಕೊಂಡು ಬಂದ. ಜಾಗ ಸರಿಯಿಲ್ಲ ಅಂದೆ. ಬದಲಾಯಿಸಿದ. ಉರುಳಿ ಹೋಗುತ್ತೆ ಅಂದೆ, ಚಪ್ಪಟೆ ಮಾಡಿದ. ಭಾರ ಅಂದೆ, ಟೊಳ್ಳು ಮಾಡಿದ. ಒಂದು ದಿನಾನೂ ತಪ್ಪು ನಿನ್ನದು ಅನ್ಲಿಲ್ಲ ನನಗೆ. ರೇಜರ್ ಸರಿಯಿಲ್ಲ, ತಿದ್ತೀನಿ ಅಂತಿದ್ದ."

ಇಪ್ಪತ್ತು ವರ್ಷ. ಅವಳು ಮನಸ್ಸಿನಲ್ಲೇ ಕಳೆದು ನೋಡಿದಳು. ಇಪ್ಪತ್ತು ವರ್ಷದ ಸಂಜೆಗಳಲ್ಲಿ ಅವನು ಊಟದ ಮೇಜಿನ ಎದುರು ಕೂತು ಗೋಡೆ ನೋಡುತ್ತಿದ್ದದ್ದು ಇದೇ ಯೋಚನೆಯಲ್ಲಿ: ಇನ್ನೂ ಏನು ಸರಿಯಿಲ್ಲ, ಎಲ್ಲಿ ಕೊರೆಯಲಿ. ಅವನಿಗೆ ತಾನೊಬ್ಬ ಕೆಟ್ಟ ಕೆಲಸಗಾರನೆಂಬ ನಂಬಿಕೆಯೇ ಬಂದುಬಿಟ್ಟಿರಬೇಕು. ಅವಳಿಗೆ ಎದುರಿಗಿದ್ದವನ ಕೆನ್ನೆಗೆ ಬಾರಿಸಬೇಕೆನಿಸಿತು, ಆ ನುಣ್ಣನೆಯ ಕೆನ್ನೆಗೆ. ಕೈ ಏಳಲಿಲ್ಲ.

"ಅಷ್ಟೊಂದು ಕೋಪ ಇತ್ತಾ ನಿಮಗೆ ಅವರ ಮೇಲೆ?"

"ಕೋಪ?" ಅವನು ಆಶ್ಚರ್ಯದಿಂದ ತಲೆ ಎತ್ತಿದ. "ಕೋಪ ಎರಡು ವರ್ಷಕ್ಕೇ ಹೋಯ್ತಲ್ಲ. ಹೊಟ್ಟೆಗೆ ಹಾಕ್ಕೊಂಡು ಎಷ್ಟು ಕಾಲ ಆಯ್ತು."

"ಹಾಗಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಅವರಿಗೆ. ಸಮಾಧಾನವಾಗಿ ಹೋಗ್ತಿದ್ರಲ್ಲ."

ಹೊರಗೆ ಯಾರೋ ಸೈಕಲ್ಲಿನ ಟೋಕನ್ನಿಗಾಗಿ ಕೂಗಿದರು. ಅವನು ಹೋಗಲಿಲ್ಲ.

"ಹೇಳಿದ್ರೆ ಅಣ್ಣ ಆಮೇಲೂ ಬರ್ತಿದ್ನಾ ಅತ್ತಿಗೆ? ನೀವೇ ಹೇಳಿ, ಬರ್ತಿದ್ನಾ?"

ಅವಳು ಖಾಲಿ ಚೀಲವನ್ನು ಮಡಚಿದಳು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದಳು.

"ಬರ್ತಿರ್ಲಿಲ್ಲ" ಎಂದಳು. "ಮನೇಲಿ ಇರ್ತಿದ್ರು, ನನ್ನ ಜೊತೆ."